ಸೀನುವಿನ ಪಥ್ಯ

ಹನ್ನೊಂದು ತಿಂಗಳು ನನ್ನ ತಮ್ಮ ಸೀನುವಿಗೆ ಉಪ್ಪಿಲ್ಲದ ಅಡುಗೆ ಮಾಡಿ ಬಡಿಸಿದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಅವನ ಮೇಲೆ ಎಷ್ಟು ಉರಿಯೋ ನನ್ನ ಮೇಲೂ ಅಷ್ಟೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. "ಹೋಮ್‌ವರ್ಕ್ ಮನೇಲಿ ಬಿಟ್ಟುಬಂದೆ ಮಿಸ್" ಎನ್ನುವ ಹುಡುಗ ಅದನ್ನು ಬರೆದಿದ್ದಾನೋ ಇಲ್ಲವೋ ಎಂದು ಅವನು ನಿಂತ ಭಂಗಿ ನೋಡಿಯೇ ಹೇಳುತ್ತಿದ್ದೆ. ನನ್ನದೇ ಮನೆಯ ಮಹಡಿಯಲ್ಲಿ ಇದ್ದವನನ್ನು ಮಾತ್ರ ಕಂಡುಹಿಡಿಯಲಿಲ್ಲ.

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಕೆಳಗೆ ನಾನು, ಮೇಲೆ ಸೀನು ಮತ್ತು ಅವನ ಹೆಂಡತಿ ಶಾಲಿನಿ. ಸೀನು ಬನಶಂಕರಿಯ ಒಂದು ಬ್ಯಾಂಕಿನಲ್ಲಿ ಮ್ಯಾನೇಜರು, ನನಗಿಂತ ಒಂಬತ್ತು ವರ್ಷ ಚಿಕ್ಕವನು. ನಾನು ಮದುವೆಯಾಗಲಿಲ್ಲ. ಆ ಕತೆ ಇಲ್ಲಿ ಬೇಡ.

ಹತ್ತನೇ ಕ್ಲಾಸಿಗೆ ಕಿಡ್ನಿಯ ಪಾಠ ಮಾಡುವಾಗ ನಾನೊಂದು ಪ್ರಶ್ನೆ ಕೇಳುತ್ತಿದ್ದೆ. ಕಿಡ್ನಿ ಏನು ಮಾಡತ್ತೆ ಹೇಳಿ? ಕಸ ಸೋಸತ್ತೆ ಮಿಸ್, ಎಂದು ಇಡೀ ಕ್ಲಾಸು ಕೂಗುತ್ತಿತ್ತು. ತಪ್ಪು, ಕೂತ್ಕೊಳ್ಳಿ ಎನ್ನುತ್ತಿದ್ದೆ. ಕಿಡ್ನಿ ಕಸವನ್ನು ಮಾತ್ರ ಆರಿಸಿ ಹೊರಗೆ ಹಾಕುವುದಿಲ್ಲ. ರಕ್ತದಲ್ಲಿರುವ ನೀರು, ಉಪ್ಪು, ಸಕ್ಕರೆ ಎಲ್ಲವನ್ನೂ ಮೊದಲು ಆಚೆ ಬಿಡುತ್ತದೆ, ದಿನಕ್ಕೆ ಸುಮಾರು ನೂರೆಂಬತ್ತು ಲೀಟರಿನಷ್ಟು. ಆಮೇಲೆ ಕೂದಲಿಗಿಂತ ಸಣ್ಣ ಕೊಳವೆಗಳಲ್ಲಿ ಅದು ಹರಿದು ಹೋಗುವಾಗ ದೇಹಕ್ಕೆ ಬೇಕಾದ್ದನ್ನೆಲ್ಲ ಒಂದೊಂದಾಗಿ ವಾಪಸ್ಸು ತೆಗೆದುಕೊಳ್ಳುತ್ತದೆ. ಕೊನೆಗೆ ಮೂತ್ರವಾಗಿ ಹೋಗುವುದು ಒಂದೂವರೆ ಲೀಟರು. ಪ್ರೋಟೀನನ್ನು ಮಾತ್ರ ಮೊದಲ ಜರಡಿಯೇ ದಾಟಲು ಬಿಡುವುದಿಲ್ಲ. ಪ್ರೋಟೀನು ಮೂತ್ರದಲ್ಲಿ ಇಳಿಯತೊಡಗಿತು ಎಂದರೆ ಜರಡಿ ಹರಿದಿದೆ ಎಂದೇ ಅರ್ಥ.

ಇಷ್ಟೆಲ್ಲ ಗೊತ್ತಿದ್ದವಳ ಜರಡಿಯೇ ಹರಿಯಿತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಅದರ ಜೊತೆಗೆ ಬಿಪಿ. ಮೂತ್ರದಲ್ಲಿ ನೊರೆ ಬರುತ್ತಿತ್ತು, ಫಿನಾಯಿಲ್ ಜಾಸ್ತಿ ಹಾಕಿದ್ದಾಳೆ ಕೆಲಸದವಳು ಎಂದುಕೊಂಡೆ. ಪಾದ ಊದಿಕೊಂಡಿತು, ದಿನವಿಡೀ ನಿಂತು ಪಾಠ ಮಾಡಿದ್ದಕ್ಕೆ ಎಂದುಕೊಂಡೆ. ಕಿಡ್ನಿ ಬಹಳ ಸಂಕೋಚದ ಅಂಗ. ಮುಕ್ಕಾಲು ಭಾಗ ಕೆಟ್ಟರೂ ನೋವು ಗೀವು ಎಂದು ಬಾಯಿ ಬಿಡುವುದಿಲ್ಲ. ನಿವೃತ್ತಿಯಾಗಿ ಒಂದು ವರ್ಷಕ್ಕೆ, ಅನ್ನ ಕಂಡರೆ ವಾಕರಿಕೆ ಬರತೊಡಗಿದ ಮೇಲೆ ಜೆ.ಪಿ. ನಗರದ ಆಸ್ಪತ್ರೆಗೆ ಹೋದೆ. ಅಷ್ಟು ಹೊತ್ತಿಗೆ ಹತ್ತರಲ್ಲಿ ಒಂದು ಪಾಲೂ ಉಳಿದಿರಲಿಲ್ಲ.

ಅಲ್ಲಿಂದ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ನಾಲ್ಕು ಗಂಟೆ ಮಲಗಬೇಕು, ಎರಡು ದಪ್ಪ ಸೂಜಿ, ಯಂತ್ರದ ಗುರ್ ಎನ್ನುವ ಸದ್ದು. ಮುಗಿಸಿ ಎದ್ದರೆ ಮೈಯನ್ನು ಯಾರೋ ಹಿಂಡಿ ಒಣಗಲು ಹಾಕಿದ ಹಾಗೆ. ದಿನಕ್ಕೆ ಒಂದೇ ಲೀಟರು ನೀರು, ಅದರಲ್ಲೇ ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಬೇಕು. ಮೊದಲ ತಿಂಗಳು ಸೀನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಆಮೇಲೆ ಬ್ಯಾಂಕಿನಲ್ಲಿ ಆಡಿಟ್ ಬಂತು. ಉತ್ತರಹಳ್ಳಿಯ ಯಲ್ಲಯ್ಯ ಎಂಬ ಆಟೋದವರನ್ನು ಗೊತ್ತುಮಾಡಿಕೊಂಡೆ. ಬೆಳಗ್ಗೆ ಆರೂವರೆಗೆ ಅವರ ಆಟೋ ಗೇಟಿನ ಮುಂದೆ ನಿಂತಿರುತ್ತದೆ, ಹಾರ್ನ್ ಮಾಡುವುದಿಲ್ಲ, ಅಕ್ಕಪಕ್ಕದವರು ಮಲಗಿರುತ್ತಾರೆ ಎಂದು.

ಕಿಡ್ನಿ ಕಸಿ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ ದಿನವೇ ಸೀನು ಎದೆ ತಟ್ಟಿಕೊಂಡ. "ನಾನಿದ್ದೀನಲ್ಲ ಅಕ್ಕಾ. ನಂಗ್ಯಾಕೆ ಎರಡು?" ಬೀದಿಗೆಲ್ಲ ಸುದ್ದಿ ನಾನೇ ಹರಡಿದೆ. ಎದುರು ಮನೆಯ ಮಾಧವ ರಾಯರು ಕಣ್ಣೊರೆಸಿಕೊಂಡರು. ಅವರಿಗೆ ಹಿಂದೊಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತು, ಅಂದಿನಿಂದ ಲೋಕದ ಎಲ್ಲ ಕಿಡ್ನಿಗೂ ಬಾಳೆದಿಂಡಿನ ರಸವೇ ಮದ್ದು. "ಒಂದು ಲೋಟ ಕುಡೀರಿ ಸೀತಮ್ಮ, ಆಪರೇಷನ್ನೇ ಬೇಡ" ಎಂದು ಪಾತ್ರೆ ಹಿಡಿದುಕೊಂಡೇ ಬಂದಿದ್ದರು. "ನಿಮ್ಮದು ಕಲ್ಲು ರಾಯರೇ, ನಂದು ಜರಡೀನೇ ಹರಿದಿರೋದು. ಇದನ್ನ ಕುಡಿದ್ರೆ ಪೊಟ್ಯಾಸಿಯಂ ಏರಿ ಹಾರ್ಟು ನಿಂತುಹೋಗತ್ತೆ" ಎಂದು ಗದರಿ ಕಳಿಸಿದೆ.

ಪರೀಕ್ಷೆಗಳು ಎರಡು ತಿಂಗಳು ನಡೆದವು. ರಕ್ತದ ಗುಂಪು ಒಂದೇ ಬಂತು. ಇಬ್ಬರ ರಕ್ತ ಬೆರೆಸಿ ನೋಡಿದರು, ಅದೂ ಹೊಂದಿತು. ಕೊನೆಗೆ ಒಂದು ದಿನ ಕೊಡುವವನನ್ನು ಒಬ್ಬನನ್ನೇ ಒಳಗೆ ಕರೆದು ಮಾತಾಡಿಸಿದರು. ನಾನು ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ಸೀನು ಹೊರಗೆ ಬಂದವನೇ ನೀರಿನ ಫಿಲ್ಟರಿನ ಹತ್ತಿರ ಹೋಗಿ ಎರಡು ಲೋಟ ನೀರು ಗಟಗಟ ಕುಡಿದ. ಕಣ್ಣು ಕೆಂಪಾಗಿತ್ತು. ನನ್ನ ತಮ್ಮನಿಗೆ ನನಗಾಗಿ ಅಳು ಬಂದಿದೆ ಎಂದುಕೊಂಡೆ.

ವಾರದ ಮೇಲೆ ಆಸ್ಪತ್ರೆಯಿಂದ ಫೋನು ಬಂತು. ನಿಮ್ಮ ತಮ್ಮ ದಾನಿಯಾಗಲು ಸೂಕ್ತ ಅಲ್ಲ. ಅಷ್ಟೇ. ಯಾಕೆಂದು ಸೀನುವನ್ನು ಕೇಳಿದೆ. ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಾ ಹೇಳಿದ. "ನಂಗೂ ಪ್ರೋಟೀನ್ ಹೋಗ್ತಿದ್ಯಂತೆ ಅಕ್ಕಾ. ಸ್ವಲ್ಪನೇ. ಪಥ್ಯ ಮಾಡಿದ್ರೆ ನಿಲ್ಲಬಹುದಂತೆ. ನಿಂತ ಮೇಲೆ ಮತ್ತೆ ನೋಡ್ತಾರಂತೆ."

ನನ್ನ ಕಿಡ್ನಿ ಹೋಗಿದ್ದಕ್ಕೆ ನಾನು ಅತ್ತಿರಲಿಲ್ಲ. ಅವತ್ತು ಅತ್ತೆ. ನಮ್ಮ ಮನೆತನಕ್ಕೇ ಏನೋ ಅಂಟಿಕೊಂಡಿದೆ, ಇವನಾದರೂ ಉಳಿಯಲಿ ಎಂದುಕೊಂಡೆ. ಮಾರನೇ ದಿನದಿಂದಲೇ ಅವನ ಊಟ ನನ್ನ ಜವಾಬ್ದಾರಿ ಎಂದು ಶಾಲಿನಿಗೆ ಹೇಳಿದೆ. "ಅಕ್ಕ, ನಿಮಗೇ ಕೈಲಾಗಲ್ಲ" ಎಂದಳು. "ಕೈಲಾಗದೆ ಇರೋದು ಕಿಡ್ನಿಗೆ, ನಂಗಲ್ಲ" ಎಂದೆ. ಅವಳು ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನೂ ನಾನು ಓದಲಿಲ್ಲ.

ಡಯಾಲಿಸಿಸ್ ಇಲ್ಲದ ದಿನ ಮಧ್ಯಾಹ್ನ ಅವನು ಬ್ಯಾಂಕಿನಿಂದ ಬಂದರೆ ಬಿಸಿ ಊಟ, ಇದ್ದ ದಿನ ನಸುಕಿನಲ್ಲೇ ಎದ್ದು ಡಬ್ಬಿ. ಹುಳಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ನನ್ನ ಅಡುಗೆಮನೆಯಿಂದ ಗಡೀಪಾರು. ಬೇಳೆಯನ್ನು ಅಳೆದು ಹಾಕುತ್ತಿದ್ದೆ. ತಲೆನೋವು ಎಂದು ಅವನು ಮಾತ್ರೆ ನುಂಗಲು ಹೋದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದೆ, ನೋವಿನ ಮಾತ್ರೆ ಕಿಡ್ನಿಯನ್ನು ತಿನ್ನುತ್ತದೆ ಎಂದು. ಸೀನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಒಂದು ದಿನವೂ ಸಪ್ಪೆ ಎನ್ನಲಿಲ್ಲ. ಎಂಥ ವಿಧೇಯ ರೋಗಿ ಎಂದು ಹೆಮ್ಮೆಪಟ್ಟೆ. ಸಂಜೆ ಮಹಡಿಯಿಂದ ಬೋಂಡ ಕರಿಯುವ ವಾಸನೆ ಇಳಿದು ಬಂದರೆ, ಪಾಪ, ಶಾಲಿನಿಗೆ ಆಸೆಯಾಗಿರಬೇಕು ಎಂದುಕೊಳ್ಳುತ್ತಿದ್ದೆ.

ಪಥ್ಯ ಶುರುವಾದ ವಾರದಲ್ಲೇ ಡಾಕ್ಟರು ನನಗೆ ಒಂದು ಫಾರಂ ಕೊಟ್ಟಿದ್ದರು. ತೀರಿಹೋದವರ ಕಿಡ್ನಿಯನ್ನು ಸಂಬಂಧಿಕರು ದಾನ ಮಾಡಿದಾಗ ಅದನ್ನು ಹಂಚಲು ಒಂದು ಪಟ್ಟಿ ಇದೆ, ಅದರಲ್ಲಿ ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಬೇಗ ಬರೆಸಿದಷ್ಟೂ ಒಳ್ಳೆಯದು ಎಂದರು. ಸೀನುವಿಗೆ ತೋರಿಸಿದೆ. "ಅದೆಲ್ಲ ಯಾಕಕ್ಕಾ? ಇನ್ನೊಂದು ಆರು ತಿಂಗಳು ನೋಡೋಣ. ನಂದು ಸರಿಹೋಗತ್ತೆ" ಎಂದ. ನನಗೂ ಅದೇ ಬೇಕಿತ್ತು. ಸ್ವಂತ ತಮ್ಮ ಇರುವಾಗ ಯಾರದೋ ಮನೆಯ ಸಾವಿಗೆ ಕಾಯುವುದೇ ಎಂಬ ಅಹಂಕಾರ ನನಗೆ. ಫಾರಂ ಮಡಿಚಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಹನ್ನೊಂದನೇ ತಿಂಗಳು ನನಗೆ ತಾಳ್ಮೆ ಕೆಟ್ಟಿತು. ಲ್ಯಾಬಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಾ ಎಂದರೆ ಸೀನು ನಾಳೆ, ನಾಡಿದ್ದು ಎನ್ನುತ್ತಿದ್ದ. ಅವನಿಗೆ ಹೆದರಿಕೆ, ಪ್ರೋಟೀನು ಜಾಸ್ತಿಯಾಗಿದ್ದರೆ ಎಂಬ ಹೆದರಿಕೆ ಎಂದುಕೊಂಡೆ. ನಾನೇ ನೋಡಿಬಿಡುತ್ತೇನೆ ಎಂದು ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೆ. ಶಾಲೆಯವರು ಲ್ಯಾಬು ಹೊಸದು ಮಾಡಿಸಿದಾಗ ಎಸೆಯಲು ಹೊರಟಿದ್ದ ಟೆಸ್ಟ್‌ಟ್ಯೂಬುಗಳು, ಹಿಡಿಯುವ ಇಕ್ಕಳ ಎಲ್ಲ ಅದರಲ್ಲಿದ್ದವು. ಮೂತ್ರವನ್ನು ಟ್ಯೂಬಿಗೆ ಹಾಕಿ ಮೇಲ್ಭಾಗವನ್ನು ಬಿಸಿ ಮಾಡಬೇಕು. ಪ್ರೋಟೀನು ಇದ್ದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಬೆಳ್ಳಗೆ ಕಾಣುತ್ತದೆ. ಎರಡು ತೊಟ್ಟು ವಿನೆಗರ್ ಬಿಟ್ಟರೂ ಬಿಳುಪು ಹೋಗದಿದ್ದರೆ ಅದು ಪ್ರೋಟೀನೇ. ಯಂತ್ರಗಳು ಬರುವ ಮುಂಚೆ ಡಾಕ್ಟರುಗಳು ಹೀಗೇ ನೋಡುತ್ತಿದ್ದರು.

"ನಾಳೆ ಬೆಳಗ್ಗೆ ಎದ್ದ ತಕ್ಷಣ ಒಂದು ಬಾಟ್ಲಿಲಿ ಹಿಡಿದು ಕೊಡು" ಎಂದೆ.

ಸೀನು ಬಿಕಾಂ ಓದಿದವನು. ನಕ್ಕುಬಿಟ್ಟ. "ಗ್ಯಾಸ್ ಒಲೇಲಿ ಗೊತ್ತಾಗತ್ತಾ ಅದೆಲ್ಲ? ನಿನ್ನ ಹೈಸ್ಕೂಲ್ ಲ್ಯಾಬು ಇನ್ನೂ ಮುಚ್ಚಿಲ್ವಾ?"

"ಕೊಡೋ ಸುಮ್ನೆ."

ಕೊಟ್ಟ. ಒಂದು ದಿನದ್ದನ್ನು ನಂಬುವವಳಲ್ಲ ನಾನು. ಮೂರು ದಿನ ಬೆಳಗ್ಗೆ ಮಾಡಿದೆ. ಹೋಲಿಕೆಗೆ ಇರಲಿ ಎಂದು, ನನಗೆ ಇನ್ನೂ ಅಷ್ಟಿಷ್ಟು ಬರುವ ಮೂತ್ರವನ್ನು ಇನ್ನೊಂದು ಟ್ಯೂಬಿಗೆ ಹಾಕಿದೆ. ನನ್ನದು ಬಿಸಿ ತಾಗುತ್ತಲೇ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಅವನದು ತಿಳಿಯಾಗಿಯೇ ಇತ್ತು. ಕುದಿಸಿದರೂ ತಿಳಿ, ವಿನೆಗರ್ ಬಿಟ್ಟರೂ ತಿಳಿ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಅವನ ಟ್ಯೂಬಿನ ಮೂಲಕ ಎದುರು ಮನೆಯ ಮಾಧವ ರಾಯರ ತುಳಸಿಕಟ್ಟೆ ಕಾಣಿಸುತ್ತಿತ್ತು.

ಆ ಹೊತ್ತಿನ ಸಂತೋಷವನ್ನು ಹೇಗೆ ಹೇಳಲಿ? ನನ್ನ ಅಡುಗೆ ಗೆದ್ದಿತ್ತು. ನನ್ನ ಕೈಯಾರೆ ಒಂದು ಕಿಡ್ನಿಯನ್ನು ಉಳಿಸಿದ್ದೆ. ಅವನಿಗೆ ಹೇಳಲಿಲ್ಲ. ಮೊದಲು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಂಡು ಬಂದು ಆಶ್ಚರ್ಯಪಡಿಸೋಣ ಎಂದುಕೊಂಡೆ.

ಆ ಸೋಮವಾರ ಡಯಾಲಿಸಿಸ್ ಮುಗಿಸಿ, ಕಸಿ ವಿಭಾಗದಲ್ಲಿ ಕೆಲಸ ಮಾಡುವ ಸುರಭಿಯ ಕೋಣೆಗೆ ಹೋದೆ. ಮೂವತ್ತು ವರ್ಷದ, ಮೆತ್ತಗೆ ಮಾತಾಡುವ ಹುಡುಗಿ. ಸೀನುವನ್ನು ಅವತ್ತು ಒಳಗೆ ಕರೆದು ಮಾತಾಡಿಸಿದ್ದವಳೂ ಅವಳೇ.

"ನನ್ನ ತಮ್ಮನ ಪ್ರೋಟೀನ್ ನಿಂತುಹೋಗಿದೆ. ಮತ್ತೆ ಟೆಸ್ಟ್ ಮಾಡ್ಸಿ" ಎಂದೆ.

ಸುರಭಿ ಪೆನ್ನು ಕೆಳಗಿಟ್ಟಳು. "ಪ್ರೋಟೀನಾ ಮೇಡಂ?"

"ಹೌದು. ಪ್ರೋಟೀನ್ ಹೋಗ್ತಿದೆ ಅಂತ ತಾನೆ ನೀವು ಬೇಡ ಅಂದಿದ್ದು? ಹನ್ನೊಂದು ತಿಂಗಳು ಪಥ್ಯ ಮಾಡ್ಸಿದೀನಿ. ಮೂರು ದಿನ ನಾನೇ ನೋಡಿದೆ. ಚೂರೂ ಇಲ್ಲ."

ಅವಳು ನನ್ನ ಮುಖ ನೋಡಲಿಲ್ಲ. "ನಾವು ಕಾರಣ ಹೇಳೋದೇ ಇಲ್ಲ ಮೇಡಂ. ಯಾವ ರೋಗಿಗೂ ಹೇಳಲ್ಲ. ಸೂಕ್ತ ಅಲ್ಲ ಅಂತ ಅಷ್ಟೇ ಹೇಳ್ತೀವಿ."

"ಯಾಕೆ ಹೇಳಲ್ಲ?"

"ಅದು ನಿಯಮ. ನಿಮ್ಮ ತಮ್ಮನ ವಿಷಯ ನಾನು ಮಾತಾಡೋ ಹಾಗಿಲ್ಲ."

"ಅವನದು ಬೇಡಮ್ಮ. ಸುಮ್ಮನೆ ಹೇಳು, ಎಲ್ಲರಿಗೂ ಯಾಕೆ ಹಾಗೆ?"

ಅವಳು ಸ್ವಲ್ಪ ಹೊತ್ತು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದಳು. "ಮನೆಯವರ ಮುಂದೆ ಕೊಡ್ತೀನಿ ಅಂದಿರ್ತಾರೆ. ಆಮೇಲೆ ಹೆದರಿಕೆ ಆಗತ್ತೆ, ಮನಸ್ಸು ಬದಲಾಗತ್ತೆ. ಇಲ್ಲ ಅನ್ನೋಕೆ ಅವರಿಗೊಂದು ಜಾಗ ಬೇಕಲ್ಲ ಮೇಡಂ. ಅದಕ್ಕೇ ಎಲ್ಲರನ್ನೂ ಒಬ್ಬೊಬ್ಬರನ್ನೇ ಕರೆದು ಕೇಳ್ತೀವಿ. ಇಲ್ಲ ಅಂದವರ ಬಗ್ಗೇನೂ ಸೂಕ್ತ ಅಲ್ಲ ಅಂತೀವಿ, ಕಾಯಿಲೆ ಸಿಕ್ಕವರ ಬಗ್ಗೇನೂ ಅದನ್ನೇ ಅಂತೀವಿ. ಹೊರಗಿನವರಿಗೆ ಯಾವುದು ಅಂತ ಗೊತ್ತಾಗಬಾರದು." ಆಮೇಲೆ ಗಾಬರಿಯಿಂದ, "ಇದು ನಿಮ್ಮ ತಮ್ಮನ ಬಗ್ಗೆ ಅಲ್ಲ" ಎಂದು ಸೇರಿಸಿದಳು.

ಒಳ್ಳೆಯ ನಿಯಮ. ಯಾರನ್ನೂ ಬಲವಂತವಾಗಿ ಕುಯ್ಯಬಾರದು. ಬೇರೆಯವರ ವಿಷಯವಾಗಿದ್ದರೆ ಭೇಷ್ ಎನ್ನುತ್ತಿದ್ದೆ. ಆ ಕುರ್ಚಿಯಲ್ಲಿ ಕೂತು ನನಗೆ ಕಾಣಿಸಿದ್ದು ಎರಡು ಲೋಟ ನೀರು ಗಟಗಟ ಕುಡಿದವನ ಕೆಂಪು ಕಣ್ಣು ಮಾತ್ರ. ಪ್ರೋಟೀನು ಎಂಬ ಮಾತನ್ನು ಸುರಭಿ ಇವತ್ತೇ ಮೊದಲು ಕೇಳಿದ ಹಾಗಿತ್ತು. ಹಾಗಾದರೆ ಆ ಪ್ರೋಟೀನು ಯಾರ ಮಾತು? ಪಥ್ಯ ಯಾರ ಮಾತು? ಆಸ್ಪತ್ರೆಯವರು ಅವನಿಗೆ ಒಂದು ಬಾಗಿಲು ತೆರೆದು ಕೊಟ್ಟಿದ್ದರು. ಸೂಕ್ತ ಅಲ್ಲ ಎಂದು ಹೇಳಿ ಅವನು ಮರ್ಯಾದೆಯಾಗಿ ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಕಾಯಿಲೆಯೊಂದನ್ನು ಕಟ್ಟಿಕೊಂಡು ನನ್ನ ಅಡುಗೆಮನೆಗೇ ಬಂದು ಕೂತ.

ಯಲ್ಲಯ್ಯ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡುತ್ತಿದ್ದರು. "ಅಕ್ಕಾ, ಮಿಷೀನು ಇವತ್ತು ಜಾಸ್ತಿ ನೀರು ತೆಗೀತಾ? ಮುಖ ಬಾಡೋಗಿದೆ" ಎಂದರು. ಹೌದು ಎಂದೆ.

ಮಾರನೇ ದಿನ ಯಾವುದೋ ರಜೆ, ಬ್ಯಾಂಕು ಇರಲಿಲ್ಲ. ಬೆಳಗ್ಗೆಯೇ ಕೆಲಸದವಳನ್ನು ಕಳಿಸಿ ಒಂದು ಪ್ಯಾಕೆಟ್ ಉಪ್ಪು ತರಿಸಿದೆ. ಸೀನುವಿಗೆ ಇಷ್ಟವಾದ ಸೌತೆಕಾಯಿ ಹುಳಿ ಮಾಡಿ, ನನ್ನ ಪಾಲನ್ನು ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ನಮ್ಮಮ್ಮ ಹಾಕುತ್ತಿದ್ದ ಅಳತೆಯಲ್ಲಿ ಉಪ್ಪು ಹಾಕಿದೆ. ಮಾಧವ ರಾಯರ ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ಇಸಿದುಕೊಂಡು ತಂದೆ. ಒಂದು ಗಂಟೆಗೆ ಸೀನು ಇಳಿದು ಬಂದು ಎಂದಿನ ಹಾಗೆ ತಲೆ ತಗ್ಗಿಸಿ ಕೂತ. ಕಲಸಿ ಒಂದು ತುತ್ತು ಬಾಯಿಗಿಟ್ಟ. ಕೈ ಅಲ್ಲೇ ನಿಂತಿತು.

"ಉಪ್ಪು ಸರಿಯಾಗಿದ್ಯಾ?" ಎಂದೆ.

ಅವನು ತಟ್ಟೆಯಲ್ಲಿದ್ದ ಉಪ್ಪಿನಕಾಯಿಯ ಕಡೆ ನೋಡಿದ.

"ಸುರಭಿ ಹತ್ರ ಹೋಗಿದ್ದೆ. ಅವಳೇನೂ ಹೇಳಲಿಲ್ಲ, ಪಾಪ, ಅವಳ ಮೇಲೆ ರೇಗ್ಬೇಡ. ನಿನ್ನ ಬಾಟ್ಲಿನೇ ಹೇಳ್ತು, ಪ್ರೋಟೀನ್ ಚೂರೂ ಇಲ್ಲ ಅಂತ. ಗ್ಯಾಸ್ ಒಲೇಲೂ ಗೊತ್ತಾಗತ್ತೆ ಕಣೋ."

ಮೆಟ್ಟಿಲಲ್ಲಿ ಶಾಲಿನಿಯ ಕಾಲುಂಗುರದ ಸದ್ದು ನಿಂತಿತು. ಅವಳು ಇಳಿದು ಬರಲಿಲ್ಲ, ಹತ್ತಿ ಹೋಗಲೂ ಇಲ್ಲ. ಅವಳಿಗೆ ಮೊದಲಿನಿಂದ ಗೊತ್ತಿತ್ತು ಎಂಬುದು ನನಗೆ ಆಗ ಗೊತ್ತಾಯಿತು.

ಸೀನು ಎಡಗೈಯಿಂದ ಮುಖ ಒರೆಸಿಕೊಂಡ. "ಹೆದರಿಕೆ ಆಯ್ತಕ್ಕಾ. ಆ ರೂಮಲ್ಲಿ ಅವಳು ನಿಮಗೆ ನಿಜವಾಗ್ಲೂ ಇಷ್ಟ ಇದ್ಯಾ ಅಂತ ಕೇಳಿದ್ಲು. ಅದುವರೆಗೂ ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ. ಬಾಯಿಗೆ ಬಂದುಬಿಡ್ತು, ಇಲ್ಲ ಅಂತ."

"ಸರಿ. ಅದನ್ನೇ ನಂಗೆ ಹೇಳ್ಬೇಕಿತ್ತು."

"ಸೂಕ್ತ ಅಲ್ಲ ಅಂತ ಫೋನ್ ಬಂದಾಗ ನಿನ್ನ ಮುಖ ನೋಡಕ್ಕಾಗ್ಲಿಲ್ಲ. ಸ್ವಲ್ಪ ದಿನ ಆಸೆ ಇರ್ಲಿ ಅಂತ ಹಾಗಂದೆ. ಆಮೇಲೆ ನೀನು ಅಡುಗೆ ಶುರು ಮಾಡಿದೆ. ಹೇಗೆ ನಿಲ್ಲಿಸ್ಲಿ? ಹನ್ನೊಂದು ತಿಂಗಳು ತಿಂದೆನಲ್ಲ ಅಕ್ಕಾ, ಒಂದು ದಿನಾನೂ ಬೇಡ ಅನ್ನಲಿಲ್ಲ."

ಅದನ್ನು ಅವನು ನನ್ನ ಮುಂದೆ ದೊಡ್ಡ ತ್ಯಾಗದ ಹಾಗೆ ಇಟ್ಟ. ನನಗೆ ಕೆಟ್ಟ ಕೋಪ ಬಂತು. ಹೆದರಿದ್ದಕ್ಕಲ್ಲ. ಹೆದರಿಕೆ ನನಗೂ ಆಗುತ್ತದೆ, ವಾರಕ್ಕೆ ಮೂರು ಸಲ ಆ ಸೂಜಿ ನೋಡಿದಾಗ. ಕ್ಯಾಲೆಂಡರಿನ ಹಿಂದಿನಿಂದ ಫಾರಂ ಎಳೆದು ಅವನ ತಟ್ಟೆಯ ಪಕ್ಕ ಹಾಕಿದೆ. ಮಡಿಕೆಯ ಗೆರೆ ಹಳದಿಯಾಗಿತ್ತು.

"ಆಸೆ ಇರ್ಲಿ ಅಂದ್ಯಲ್ಲ, ಇದನ್ನ ಯಾಕೆ ತಡೆದೆ? ಹನ್ನೊಂದು ತಿಂಗಳ ಹಿಂದೆ ನಾನು ಈ ಸಾಲಲ್ಲಿ ನಿಂತಿರ್ತಿದ್ದೆ. ನಂಗೆ ಅರವತ್ತೆರಡು ವರ್ಷ ಕಣೋ. ನನ್ನ ಹತ್ರ ಇರೋದೇ ಸ್ವಲ್ಪ ವರ್ಷ. ಅದರಲ್ಲಿ ಒಂದನ್ನ ನೀನು ಹುಳಿ ಅನ್ನದ ಜೊತೆ ಕಲಸಿ ತಿಂದೆ."

ಸೀನು ಅಳತೊಡಗಿದ. ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆಯೇ, ಕೆಳತುಟಿ ಮುಂದೆ ಮಾಡಿಕೊಂಡು. "ಈಗ ಕೊಡ್ತೀನಿ ಅಕ್ಕಾ. ದೇವರಾಣೆ. ನಾಳೇನೇ ಬರ್ತೀನಿ, ಟೆಸ್ಟ್ ಎಲ್ಲ ಮತ್ತೆ ಮಾಡಿಸ್ತೀನಿ."

ಒಂದು ಕ್ಷಣ ನನ್ನ ಮನಸ್ಸು ಅವನ ಹಿಂದೆ ಓಡಿತು, ಸುಳ್ಳು ಹೇಳುವುದಿಲ್ಲ. ಯಂತ್ರವಿಲ್ಲದ ಸೋಮವಾರ ಕಾಣಿಸಿತು. ತಂಬಿಗೆ ತುಂಬ ನೀರು ಎತ್ತಿ ಕುಡಿಯುವುದು ಕಾಣಿಸಿತು. ಆದರೆ ಆಸ್ಪತ್ರೆಯವರು ಅವನನ್ನು ಮತ್ತೆ ಒಬ್ಬನನ್ನೇ ಆ ಕೋಣೆಗೆ ಕರೆಯುತ್ತಾರೆ. ಬಾಗಿಲು ಮುಚ್ಚುತ್ತಾರೆ. ನಾನು ಮತ್ತೆ ಬೆಂಚಿನ ಮೇಲೆ ಕೂತಿರುತ್ತೇನೆ. ಅವನು ಹೊರಗೆ ಬಂದು ಏನೇ ಹೇಳಿದರೂ ನಾನಿನ್ನು ನಂಬಲಾರೆ. ಅದು ನನ್ನಿಂದ ಹೋಯಿತು, ಹೋದದ್ದನ್ನು ವಾಪಸ್ಸು ತರುವುದು ನನಗೆ ಗೊತ್ತಿಲ್ಲ.

"ಬೇಡ" ಎಂದೆ. "ಊಟ ಮಾಡು, ಆರಿಹೋಗತ್ತೆ."

ಅವನು ಅಳುತ್ತಲೇ ತಿಂದ. ಎರಡು ತುತ್ತಾದ ಮೇಲೆ ಅಳು ನಿಂತಿತು. ಉಪ್ಪಿನಕಾಯಿ ನಂಜಿಕೊಂಡ. ಇನ್ನೊಂದು ಸೌಟು ಹುಳಿ ಹಾಕಲಾ ಎಂದು ಕೇಳಿದೆ. ಹಾಕು ಎಂದ.

ಬುಧವಾರ ಡಯಾಲಿಸಿಸ್ ಮುಗಿದ ಮೇಲೆ ಫಾರಂ ಹಿಡಿದುಕೊಂಡು ಸುರಭಿಯ ಮುಂದೆ ಕೂತೆ. ಅವಳು ರಕ್ತದ ಗುಂಪು, ವಯಸ್ಸು, ವಿಳಾಸ ಎಲ್ಲ ಕಂಪ್ಯೂಟರಿಗೆ ಹಾಕುತ್ತಾ ಹೋದಳು.

"ಕಿಡ್ನಿ ಸಿಕ್ಕಿದ್ರೆ ಯಾವ ಹೊತ್ತಲ್ಲಾದ್ರೂ ಫೋನ್ ಬರಬಹುದು ಮೇಡಂ. ತಕ್ಷಣ ನಿಮ್ಮನ್ನ ಕರ್ಕೊಂಡು ಬರೋರು ಒಬ್ಬರ ಹೆಸರು, ನಂಬರ್ ಬೇಕು. ತಮ್ಮನವರದ್ದೇ ಹಾಕ್ಲಾ?"

"ಬೇಡ. ಯಲ್ಲಯ್ಯ ಅಂತ ಬರ್ಕೋ" ಎಂದು ನಂಬರು ಹೇಳಿದೆ.

ಸುರಭಿ ಬರೆದುಕೊಂಡು ಮುಂದಿನ ಖಾನೆಗೆ ಬಂದಳು. "ಏನಾಗಬೇಕು ಮೇಡಂ ಇವರು ನಿಮಗೆ?"

ಯೋಚಿಸಿದೆ. ಕಿಟಕಿಯಾಚೆ, ಗೇಟಿನ ಹತ್ತಿರ ಆಟೋ ನಿಂತಿತ್ತು. ನನಗೆ ಬಿಸಿಲು ತಾಗದಿರಲಿ ಎಂದು ಯಲ್ಲಯ್ಯ ಅದನ್ನು ನೆರಳಿಗೆ ತಳ್ಳುತ್ತಿದ್ದರು.

"ಏನೂ ಆಗಬೇಕಿಲ್ಲ" ಎಂದೆ. "ಬರ್ತೀನಿ ಅಂದ್ರೆ ಬರ್ತಾರೆ."